ಇಪ್ಪತ್ತಮೂರು ವರ್ಷದ ಎದೆನೋವು

ಡಾಕ್ಟರು ಪೆನ್ನಿನ ಟೋಪಿ ತೆಗೆದು ಅವ್ವನ ಕಡೆಗೆ ತಿರುಗಿದಾಗಲೇ ನೀತಾ ಅವಳ ಸೆರಗು ಹಿಡಿದು ಜಗ್ಗಿದಳು.

ಪುಣೆಯ ಬಿಬವೇವಾಡಿಯ ದೊಡ್ಡ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುವ ನಾಲ್ಕು ಮಜಲಿನ ಖಾಸಗಿ ದವಾಖಾನೆ ಅದು. ಎರಡು ಸಾವಿರದ ಆರನೆಯ ಇಸವಿಯ ಫೆಬ್ರವರಿ, ಬೆಳಗಿನ ಹನ್ನೊಂದು ಗಂಟೆ. ನೀತಾಳ ಅಪ್ಪ ಅಂಬಾರಾಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿಯಲ್ಲಿ ಮುನೀಮ. ಕಾಟಾದ ಪಕ್ಕ ನಿಂತು ತೂಕ ಬರೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಬೆವತು, ಎದೆ ಹಿಡಿದು, ಚೀಲಗಳಿಗೆ ಒರಗಿದ್ದ. ಹಮಾಲರು ಅವನನ್ನು ಮೆಣಸಿನಕಾಯಿಯ ಟೆಂಪೋದಲ್ಲೇ ಮಲಗಿಸಿ ತಂದಿದ್ದರು. ಪರದೆಯ ಹಿಂದೆ ಅವನ ಎದೆಗೆ ತಂತಿ ಹಚ್ಚುತ್ತಿದ್ದರು. ಅಂಗಿಗೆ ಹತ್ತಿದ ಘಾಟು ಇನ್ನೂ ಇಳಿದಿರಲಿಲ್ಲ. ಒಳಗೆ ಯಾರೋ ನರ್ಸ್ ಒಂದೇ ಸಮನೆ ಸೀನುತ್ತಿದ್ದಳು.

“ಕಧೀಪಾಸೂನ್ ತ್ರಾಸ?” ಎಂದು ಡಾಕ್ಟರ್ ಅಮೇಯ ಮರಾಠಿಯಲ್ಲಿ ಕೇಳಿದರು. ಯಾವಾಗಿನಿಂದ ತೊಂದರೆ ಎಂದು. ಕಲಿಕೆ ಮುಗಿಸಿ ವರ್ಷವಾಗಿರಬಹುದು, ಅಷ್ಟು ಚಿಕ್ಕ ವಯಸ್ಸಿನವರು. ಮೂರು ದಿನದಿಂದ ಅಪ್ಪ ಎದೆ ನೀವಿಕೊಳ್ಳುತ್ತಿದ್ದ. ಮೂರು ದಿನ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಅವ್ವ, ಗಂಗೂಬಾಯಿ, ಪುರಾಣ ಹೇಳುವವರ ಮನೆಯ ಮಗಳು. ಅಥಣಿಯ ಕಡೆಯ ಹಳ್ಳಿಯಲ್ಲಿ ಅವಳ ತಂದೆ ಶ್ರಾವಣದ ತಿಂಗಳಿಡೀ ಮಠದಲ್ಲಿ ಕೂತು ಪದ್ಯ ಓದಿ ಅರ್ಥ ಹೇಳುತ್ತಿದ್ದರು. ತಡವಾಗಿ ಬಂದು ಕಂಬಕ್ಕೆ ಒರಗಿದವನೊಬ್ಬನಿಗಾಗಿ ಮತ್ತೆ ಸ್ತುತಿಯಿಂದಲೇ ಶುರುಮಾಡುವ ಮನುಷ್ಯ. ನಡುವಿನಿಂದ ಹೇಳಿದ ಕಥೆ ಹೇಳಿದವರಿಗೂ ಕೇಳಿದವರಿಗೂ ಒಳ್ಳೆಯದು ಮಾಡುವುದಿಲ್ಲ ಎಂದು ನಂಬಿದ್ದ ಮನೆ. ಹಾಲು ನೀರಾಗಿದೆ ಎಂಬ ದೂರನ್ನೂ ಅವ್ವ ಎಮ್ಮೆ ಕೊಂಡ ದಿನದಿಂದ ಆರಂಭಿಸುವವಳು. ಈಗಲೂ ಹಾಗೆಯೇ ಮಾಡಿದಳು. ಸೆರಗು ಸರಿಮಾಡಿಕೊಂಡು, ಡಾಕ್ಟರಿಗೆ ಕೈಮುಗಿದು, ತನ್ನ ಕನ್ನಡದ ರಾಗದ ಮರಾಠಿಯಲ್ಲಿ, ಈ ಹುಡುಗಿ ಇನ್ನೂ ನನ್ನ ಹೊಟ್ಟೆಯಲ್ಲಿದ್ದಳು ಎಂದು ಎತ್ತಿಕೊಂಡಳು.

ಸೋಲಾಪುರದಿಂದ ಪುಣೆಯ ಸ್ವಾರಗೇಟದ ನಿಲ್ದಾಣಕ್ಕೆ ಬರುವ ಕೆಂಪು ಬಸ್ಸು. ಇಂದಾಪುರದಲ್ಲಿ ಹತ್ತು ನಿಮಿಷ ನಿಂತಿತು. ಬಸುರಿಗೆ ಬಾಯಾರಿಕೆ. ಗಂಡ ಕಬ್ಬಿನ ಹಾಲು ತರುತ್ತೇನೆಂದು ಇಳಿದ, ಬಸ್ಸು ಹೊರಟೇಬಿಟ್ಟಿತು. ಗ್ಲಾಸು ಹಿಡಿದು ಓಡಿಬಂದು ಹತ್ತಿದವನು ಎದೆಯ ಮೇಲೆ ಕೈಯಿಟ್ಟು ಕುಸಿದು ಕೂತ. ಯಾರೋ ಸೋಡಾ ಕುಡಿಸಿದರು, ದೊಡ್ಡದೊಂದು ತೇಗು ಬಂತು, ಎದ್ದು ಕೂತ. ಆಮೇಲೆ ಒಂದು ಗೃಹಪ್ರವೇಶದಲ್ಲಿ ಎಂಟು ಹೋಳಿಗೆ ತಿಂದಾಗ ಹೀಗೇ ಆಗಿತ್ತು. ಆಮೇಲೆ...

ಆಮೇಲಿನದನ್ನು ಕೇಳಲು ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಯಾರೋ ಕೂಗಿದರು. ಅವರು ಒಂದು ಸಾಲು ಗೀಚಿ ಎದ್ದುಹೋದರು. ಕೇಸ್ ಪೇಪರ್ ಮೇಜಿನ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ಎಷ್ಟೋ ಪುಟ ಹಾಗೇ ಬರುತ್ತಿದ್ದುದರಿಂದ ತಲೆಕೆಳಗಾದ ಇಂಗ್ಲಿಷನ್ನು ಓದುವುದು ನೀತಾಳಿಗೆ ರೂಢಿಯಾಗಿತ್ತು. ಎದೆನೋವು, ಆಗಾಗ, ಇಪ್ಪತ್ತಮೂರು ವರ್ಷಗಳಿಂದ.

ಸೋಡಾ ಇರಲಿಲ್ಲ. ತೇಗು ಇರಲಿಲ್ಲ. ಹೋಳಿಗೆಯೂ ಇರಲಿಲ್ಲ.

ಬೇರೆ ಯಾವ ಮಗಳಾದರೂ ಆ ಸಾಲನ್ನು ನೋಡಿ ಸುಮ್ಮನಾಗುತ್ತಿದ್ದಳು. ನೀತಾ ಹಾಗೆ ಬಿಡುವಂತಿರಲಿಲ್ಲ. ಏಕೆಂದರೆ ಇಂಥ ಸಾಲುಗಳನ್ನು ಹುಡುಕುವುದೇ ಅವಳ ಕೆಲಸ. ಹಡಪಸರದ ಗಾಜಿನ ಕಟ್ಟಡವೊಂದರ ಐದನೆಯ ಮಜಲಿನಲ್ಲಿ ಅವಳಂಥ ಅರವತ್ತು ಜನ ಕೂತು ಅಮೆರಿಕದ ವಿಮಾ ಕಂಪನಿಗಳ ಕಾಗದ ಓದುತ್ತಿದ್ದರು. ಅಲ್ಲಿ ಯಾರಾದರೂ ವಿಮೆ ಮಾಡಿಸಿ ವರ್ಷ ಎರಡು ವರ್ಷದೊಳಗೆ ದೊಡ್ಡ ಕಾಯಿಲೆಗೆ ಬಿದ್ದರೆ ಅವರ ಹಳೆಯ ದವಾಖಾನೆಗಳ ಕಾಗದವೆಲ್ಲ ಇಲ್ಲಿಗೆ ಬರುತ್ತಿತ್ತು. ವಿಮೆಯ ಅರ್ಜಿಯಲ್ಲಿ ಹೇಳದೆ ಇದ್ದ, ಆದರೆ ಎಂದೋ ಯಾವನೋ ಡಾಕ್ಟರಿಗೆ ಬಾಯಿಬಿಟ್ಟಿದ್ದ ಒಂದು ಮಾತನ್ನು ಹುಡುಕಿ, ಅದಕ್ಕೆ ಹಳದಿ ಬಣ್ಣ ಬಳಿದು ವಾಪಸು ಕಳಿಸಬೇಕು. ಅಷ್ಟೇ. ಆ ಒಂದು ಮಾತಿನ ಮೇಲೆ ಕಂಪನಿ ಹಣ ಕೊಡದೆ ಕೈ ತೊಳೆದುಕೊಳ್ಳುತ್ತಿತ್ತು, ಮುಂದಿನದು ಅವರ ಪಾಡು.

ತರಬೇತಿಯ ಮೊದಲ ದಿನ ಕಲಿಸುವವನು ಬಿಳಿ ಹಲಗೆಯ ಮೇಲೆ ದೇಶಗಳ ಹೆಸರು ಬರೆದಿದ್ದ. ಇಂಗ್ಲೆಂಡಿನಲ್ಲಿ ತೆರಿಗೆಯ ಹಣದಿಂದ ಸರಕಾರವೇ ಎಲ್ಲರಿಗೂ ಔಷಧೋಪಚಾರ ಮಾಡುತ್ತದೆ. ಕೆನಡಾದಲ್ಲೂ ಹೆಚ್ಚುಕಡಿಮೆ ಹಾಗೇ. ಜರ್ಮನಿಯಲ್ಲಿ ದುಡಿಯುವವನ ಪಗಾರದಿಂದ ಒಂದಿಷ್ಟು, ಮಾಲಕನಿಂದ ಒಂದಿಷ್ಟು ಕೂಡಿಸಿ ನಿಧಿ. ಅಮೆರಿಕದಲ್ಲಿ ಮುದುಕರನ್ನೂ ತೀರ ಬಡವರನ್ನೂ ಬಿಟ್ಟರೆ ಉಳಿದವರಿಗೆ ಖಾಸಗಿ ವಿಮೆ. ಭಾರತದ ಮುಂದೆ ಏನೂ ಬರೆಯದೆ ಅವನು ತನ್ನ ಪ್ಯಾಂಟಿನ ಕಿಸೆ ಮುಟ್ಟಿ ತೋರಿಸಿದ್ದ. ಎಲ್ಲರೂ ನಕ್ಕಿದ್ದರು. ಅಮೆರಿಕದವರು ಇಂಗ್ಲೆಂಡಿನವರ ಹಾಗಾದ ದಿನ ನೀವೆಲ್ಲ ಮನೆಗೆ ಹೋಗುತ್ತೀರಿ, ದಿನಾ ಅವರ ಹೆಸರಲ್ಲಿ ಊದಿನಕಡ್ಡಿ ಹಚ್ಚಿ ಎಂದೂ ಅವನು ಹೇಳಿದ್ದ. ಆಗ ನೀತಾಳೂ ನಕ್ಕಿದ್ದಳು. ಓಹಾಯೋದ ಲಾರಿ ಚಾಲಕನೊಬ್ಬ ಎಂದೋ ಒಮ್ಮೆ ಡಾಕ್ಟರಿಗೆ ತಲೆ ತಿರುಗುತ್ತದೆ ಎಂದದ್ದನ್ನು ಆರುನೂರು ಪುಟಗಳಲ್ಲಿ ಹುಡುಕಿ ತೆಗೆದದ್ದಕ್ಕೆ ಅವಳಿಗೆ ಎಲ್ಲರೆದುರು ಪೇಢೆಯ ಡಬ್ಬಿ ಕೊಟ್ಟಿದ್ದರು. ಪೇಢೆಯನ್ನು ಅಪ್ಪನೂ ತಿಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಆಂಜಿಯೋಗ್ರಫಿ ಆಯಿತು. ಹೃದಯಕ್ಕೆ ಹೋಗುವ ಮುಖ್ಯ ನಾಳದ ಬುಡದಲ್ಲೇ ತಡೆ ಇದೆ, ಬೈಪಾಸ್ ಆಗಲೇಬೇಕು, ಈ ವಾರದಲ್ಲೇ ಆಗಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ಹೇಳುವಾಗ ತೋರುಬೆರಳು ಹೆಬ್ಬೆರಳು ಕೂಡಿಸಿ ಒಂದು ಸಾಸಿವೆಯಷ್ಟು ಸಂದು ತೋರಿಸಿದರು. ಇಷ್ಟೇ ಸಂದಿನಲ್ಲಿ ನಿಮ್ಮ ತಂದೆಯ ರಕ್ತ ಹರಿಯುತ್ತಿದೆ ಎಂದರು. ನೀತಾ ಆಮೇಲೆ ಎಷ್ಟೋ ಹೊತ್ತು ತನ್ನ ಎರಡು ಬೆರಳನ್ನು ಹಾಗೆ ಹಿಡಿದುಕೊಂಡೇ ಓಡಾಡಿದಳು.

ಅಪ್ಪನಿಗೆ ಆರೋಗ್ಯದ ವಿಮೆ ಮಾಡಿಸಿದವನು ಗುರಣ್ಣ, ಅವ್ವನ ತಮ್ಮ. ಧನಕವಡಿಯಲ್ಲಿ ಹಪ್ಪಳ ಸಂಡಿಗೆಯ ವ್ಯಾಪಾರ, ಜೊತೆಗೆ ವಿಮೆಯ ಏಜಂಟಗಿರಿ. ಮೂರು ವರ್ಷದ ಹಿಂದೆ ಮನೆಯ ಪಡಸಾಲೆಯಲ್ಲಿ ಕೂತು, ಅರ್ಜಿಯಲ್ಲಿ ಮೊದಲಿನ ಕಾಯಿಲೆ ಏನಾದರೂ ಎಂಬಲ್ಲಿ ಇಲ್ಲ ಎಂದು ಅವನೇ ಬರೆದಿದ್ದ. ಸುಳ್ಳೇನೂ ಆಗಿರಲಿಲ್ಲ. ಅಪ್ಪ ಅಲ್ಲಿಯವರೆಗೆ ಯಾವ ಡಾಕ್ಟರಿಗೂ ಎದೆ ತೋರಿಸಿದವನಲ್ಲ. ಸಂಜೆ ದವಾಖಾನೆಗೆ ಬಂದ ಗುರಣ್ಣನಿಗೆ ನೀತಾ ಆ ಸಾಲಿನ ವಿಷಯ ಹೇಳಿದಳು. ಅವನ ಮುಖ ಇಳಿಯಿತು. ಅಕ್ಕನ ಮುಂದೆ ನಿಂತು, “ಅಕ್ಕಾ, ನೀ ಇಂದಾಪುರದಿಂದ ಯಾಕ ಶುರು ಮಾಡಿದಿ? ಸ್ವಾರಗೇಟದಿಂದ ಮಾಡಿದ್ರ ಸಾಕಾಗಿತ್ತಲ್ಲ,” ಎಂದ.

ಅವ್ವ ನಗಲಿಲ್ಲ. “ಕೇಳಿದವರಿಗೆ ಪೂರ್ತಿ ಹೇಳಬೇಕಲ್ಲೋ. ಅವರು ಪೂರ್ತಿ ಕೇಳ್ಲಿಲ್ಲ, ಎದ್ದು ಹೋದ್ರು,” ಎಂದಳು.

ಮರುದಿನ ಬೆಳಿಗ್ಗೆ ಹೆದರಿದ್ದೇ ಆಯಿತು. ಕ್ಯಾಶ್‌ಲೆಸ್ ಮಂಜೂರಿಗಾಗಿ, ಎಂದರೆ ಖರ್ಚನ್ನು ವಿಮೆಯವರೇ ನೇರ ದವಾಖಾನೆಗೆ ಕಟ್ಟಲಿ ಎಂದು, ಕಳಿಸಿದ ಕಾಗದಕ್ಕೆ ಅವರಿಂದ ಫ್ಯಾಕ್ಸ್ ಬಂತು. ರೋಗಿಗೆ ಇಪ್ಪತ್ತಮೂರು ವರ್ಷದ ಇತಿಹಾಸವಿದೆ ಎಂದು ನಮೂದಾಗಿದೆ, ವಿವರಣೆ ಬೇಕು, ನಮ್ಮ ಡಾಕ್ಟರು ನಾಳೆ ಹತ್ತಕ್ಕೆ ಬಂದು ಮನೆಯವರನ್ನು ಕಾಣುತ್ತಾರೆ. ನೀತಾ ಅಮೇಯರ ಹಿಂದೆ ಬಿದ್ದಳು. ಬರೆದದ್ದನ್ನು ಹೊಡೆದುಹಾಕಲು ತನಗೆ ಅಧಿಕಾರವಿಲ್ಲ, ಬೇಕಾದರೆ ಮನೆಯವರು ಮತ್ತೊಮ್ಮೆ ಪೂರ್ತಿ ಹೇಳಲಿ, ಕೆಳಗೆ ಹೊಸದಾಗಿ ಬರೆಯುತ್ತೇನೆ ಎಂದು ಅವರು ಮರುಕದಿಂದಲೇ ಹೇಳಿದರು. ಪೂರ್ತಿ ಎಂಬ ಮಾತು ಕೇಳಿಯೇ ನೀತಾ ಹಿಂದೆ ಸರಿದಳು. ಅವ್ವ ಇನ್ನೊಮ್ಮೆ ಬಾಯಿ ತೆರೆದರೆ ಇನ್ನೆಷ್ಟು ಊರು ಬರುತ್ತವೋ, ಇನ್ನೆಷ್ಟು ಹೋಳಿಗೆಯೋ. ಅವಳು ಬೇಡ ಎಂದುಬಿಟ್ಟಳು.

ಅವಳು ಅವ್ವನನ್ನು ಕೆಳಗಿನ ಕ್ಯಾಂಟೀನಿಗೆ ಕರೆದೊಯ್ದು ಮೂಲೆಯ ಬೆಂಚಿನಲ್ಲಿ ಕೂರಿಸಿದಳು. ಚಹಾ ತರಿಸಿದಳು. ನಾಳೆ ಬರುವವರು ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ, ಎಲ್ಲ ಹೇಳಿಕೊಟ್ಟಳು.

“ಮೂರು ದಿನ ಅನ್ನು. ಮತ್ತೇನೂ ಅನಬ್ಯಾಡ.”

“ಅದು ಸುಳ್ಳಲ್ಲೇನ?”

“ಸುಳ್ಳಲ್ಲವ್ವಾ. ಈ ನೋವು ಬಂದು ಮೂರ ದಿನಾ ಆತು.”

“ಮತ್ತ ಆ ನೋವು?”

“ಅದು ನೋವ ಅಲ್ಲ. ಗ್ಯಾಸು.”

ಅವ್ವ ಚಹಾದ ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿದಳು. ಗ್ಯಾಸು ಎಂದೂ ತಾನು ಹೇಳುವವಳಿದ್ದೆ, ಅಷ್ಟರಲ್ಲಿ ಆತ ಎದ್ದ ಎಂದಳು. ಹಾಗಿದ್ದರೆ ನಾಳೆ ಗ್ಯಾಸನ್ನೂ ಹೇಳುತ್ತೇನೆ ಎಂದಳು. ನೀತಾ ಅವಳ ಮೊಣಕೈ ಹಿಡಿದು, ಒಂದು ಮಾತು ಹೆಚ್ಚಾದರೂ ಅಪ್ಪ ಉಳಿಯುವುದಿಲ್ಲ ಎಂದಳು. ಹಾಗೆನ್ನಬೇಕೆಂದು ಅವಳು ಯೋಚಿಸಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಅವ್ವನ ಕಣ್ಣಿನಲ್ಲಿ ನೀತಾ ಹಿಂದೆಂದೂ ಕಾಣದ ಒಂದು ಹೆದರಿಕೆ ಬಂದು ಕೂತಿತು.

“ಆತು,” ಎಂದಳು ಅವ್ವ. “ಮೂರು ದಿನ.”

ಆ ದಿನವೆಲ್ಲ ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಯಾವಾಗಿನ ಹಾಗೆ ಸ್ತೋತ್ರವಿರಬೇಕು ಎಂದುಕೊಂಡ ನೀತಾ ಹತ್ತಿರ ಹೋಗಿ ಕೇಳಿದರೆ, ಮೂರು ದಿನ, ಮೂರು ದಿನ ಎಂದು ಅದನ್ನೇ ಬಾಯಿಪಾಠ ಮಾಡುತ್ತಿದ್ದಳು.

ವಿಮೆಯ ಡಾಕ್ಟರು ಪಂಢರಿನಾಥ ಎಂಬ ಹಿರಿಯರು. ಸರಿಯಾಗಿ ಹತ್ತಕ್ಕೆ ಬಂದರು. ಒರಟು ಮನುಷ್ಯನಾಗಿದ್ದರೆ ನೀತಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವರು ಅವ್ವನನ್ನು ಕಾಕೂ, ಚಿಕ್ಕಮ್ಮಾ, ಎಂದು ಕರೆದರು, ತಾವೇ ಕುರ್ಚಿ ಎಳೆದು ಕೊಟ್ಟರು, ಊರು ಯಾವುದು ಎಂದು ಕೇಳಿ ಆ ಕಡೆಯ ಜೋಳದ ರೊಟ್ಟಿಯನ್ನು ಹೊಗಳಿದರು. ಆಮೇಲೆ ಬಹಳ ಮೆತ್ತಗೆ, ಯಜಮಾನರಿಗೆ ಯಾವಾಗಿನಿಂದ ತೊಂದರೆ ಎಂದರು.

“ಮೂರು ದಿನ,” ಎಂದಳು ಅವ್ವ.

ಅದಕ್ಕೂ ಮೊದಲು ಎಂದಾದರೂ? ಅವ್ವ ನೀತಾಳ ಮುಖ ನೋಡಿದಳು. ಮೂರು ದಿನ ಎಂದಳು. ಹಾಗಿದ್ದರೆ ಇಲ್ಲಿ ಇಪ್ಪತ್ತಮೂರು ವರ್ಷ ಎಂದು ಯಾರು ಹೇಳಿದರು? ಮೂರು ದಿನ. ಹಿರಿಯರು ಹಾಳೆ ಮಗುಚಿ, ಯಜಮಾನರಿಗೆ ಬೀಡಿ ಸಿಗರೇಟಿನ ಚಟ ಇದೆಯೇ ಎಂದು ಕೇಳಿದರು. ಅವ್ವ ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

“ಮೂರು ದಿನ,” ಎಂದಳು.

ಪಂಢರಿನಾಥರು ಪೆನ್ನು ತೆಗೆದರು. ನೀತಾ ತಲೆಕೆಳಗಾಗಿ ಓದಿದಳು. ಮನೆಯವರಿಗೆ ಹೇಳಿಕೊಟ್ಟು ಹೇಳಿಸಿದಂತಿದೆ. ಹೇಳಿಕೆ ಬದಲಾಗಿದೆ.

ಆ ಸಾಲು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನಲ್ಲಿ ಇದಕ್ಕೊಂದು ಸಂಖ್ಯೆಯೇ ಇತ್ತು, ಹದಿನೇಳು. ಮೊದಲು ಒಂದು ಹೇಳಿ ಆಮೇಲೆ ಇನ್ನೊಂದು ಹೇಳಿದವರ ಕಡತಕ್ಕೆ ಹದಿನೇಳು ಹಾಕಿದರೆ ಮುಂದೆ ಯಾರೂ ಪುಟ ತಿರುಗಿಸುತ್ತಿರಲಿಲ್ಲ. ಎಷ್ಟು ಸಲ ಅವಳೇ ಹಾಕಿದ್ದಳು. ಸುಮ್ಮನೆ ಬಿಟ್ಟಿದ್ದರೆ ಅವ್ವ ಸೋಡಾ ಹೇಳುತ್ತಿದ್ದಳು, ತೇಗು ಹೇಳುತ್ತಿದ್ದಳು. ಅದಾದ ಮೇಲೂ ಈ ಮನುಷ್ಯ ಎರಡು ದಶಕ ಮೆಣಸಿನಕಾಯಿ ಚೀಲಗಳ ನಡುವೆ ದಿನವಿಡೀ ನಿಂತು ದುಡಿದ, ಕೆಲಸದಲ್ಲಿ ಒಂದು ದಿನವೂ ಎದೆ ಹಿಡಿಯಲಿಲ್ಲ ಎಂದೂ ಹೇಳಿ ಮುಗಿಸುತ್ತಿದ್ದಳು. ಹಿರಿಯರು ಕೇಳುವವರಂತೆಯೇ ಕೂತಿದ್ದರು. ನೀತಾ ಬಾಯಿ ತೆರೆದು, ಸಾಹೇಬರೇ, ಅವ್ವನಿಗೆ ಪೂರ್ತಿ ಹೇಳಲು ಬಿಡಿ, ತಪ್ಪು ನನ್ನದು ಎಂದಳು. ಅವರು ಕಡತ ಮುಚ್ಚಿದ್ದರು. ಬೇಜಾರಿನಿಂದಲೇ ತಲೆ ಅಲ್ಲಾಡಿಸಿ, ಎರಡು ಸಲ ಹೇಳಿದ ಮೇಲೆ ಮೂರನೆಯದಕ್ಕೆ ನಮ್ಮಲ್ಲಿ ಜಾಗವಿಲ್ಲ ಮಗಳೇ ಎಂದು ಎದ್ದರು.

ಎರಡು ಗಂಟೆಗೆ ಫ್ಯಾಕ್ಸ್ ಬಂತು. ಮಂಜೂರಿ ಇಲ್ಲ. ಆಸ್ಪತ್ರೆಯ ಖರ್ಚು ನೀವು ಮಾಡಿಕೊಂಡು ಆಮೇಲೆ ಕಾಗದ ಕಳಿಸಬಹುದು, ವಿಚಾರ ಮಾಡಲಾಗುವುದು. ಕೌಂಟರಿನವರು ಸಂಜೆಯೊಳಗೆ ಮುಂಗಡ ತುಂಬಬೇಕು ಎಂದರು. ಅವರು ಹೇಳಿದ ಮೊತ್ತ ಕೇಳಿ ಗುರಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತ. ಅಡತಿಯ ಮಾಲಕ ಕಳಿಸಿದ್ದು ಅದರ ಮೂಲೆಗೂ ಸಾಲುವಂತಿರಲಿಲ್ಲ. “ನಾ ಪಾಲಿಸಿ ಮಾರಾವ ನೀತಾ. ಮಾರೂಮುಂದ ಎಲ್ಲಾರಿಗೂ ಛತ್ರಿ ಅಂತ ಹೇಳ್ತೀನಿ. ಮಳಿ ಬಂದಾಗ ಕಸಗೋತಾರಂತ ನನಗೂ ಗೊತ್ತಿರಲಿಲ್ಲ,” ಎಂದು ಅವನು ತಲೆ ಕೆಳಗೆ ಹಾಕಿದ.

ಅಪ್ಪನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಹರ್ಷದಾ ಬೆಳಗಾವಿಯ ಕಡೆಯವಳು, ಮೊದಲ ದಿನ ಸೀನುತ್ತಿದ್ದವಳು ಅವಳೇ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿ ಐದು ವರ್ಷ ದುಡಿದು ಅತ್ತೆಯ ಆರೈಕೆಗೆಂದು ಮರಳಿ ಬಂದಿದ್ದಳು. ಅವಳು ನೀತಾಳನ್ನು ಲಿಫ್ಟಿನ ಬದಿಗೆ ಕರೆದು, ಈಗ ನಿಮ್ಮ ತಂದೆ ಬೇರೆ ಕಡೆಗೆ ಸಾಗಿಸಬಹುದಾದ ಸ್ಥಿತಿಯಲ್ಲಿದ್ದಾರೆ, ನಾಳೆ ಹೇಗೋ ಗೊತ್ತಿಲ್ಲ, ಸರಕಾರಿ ದೊಡ್ಡ ದವಾಖಾನೆಗೆ ಒಯ್ಯಿರಿ, ಅಲ್ಲಿ ಹೃದಯ ಕೊಯ್ಯುವವರ ಕೈ ಇಲ್ಲಿಯವರಷ್ಟೇ ಒಳ್ಳೆಯದು ಎಂದಳು.

ನೀತಾಳಿಗೆ ಆ ದವಾಖಾನೆಯ ಬಗ್ಗೆ ಕೇಳಿದ್ದ ಕಥೆಗಳೆಲ್ಲ ಒಟ್ಟಿಗೆ ನೆನಪಾದವು. ಒಂದು ಮಂಚಕ್ಕೆ ಇಬ್ಬರು, ನೆಲದ ಮೇಲೆ ಮೂವರು. ಸರದಿ ಬರುವಷ್ಟರಲ್ಲಿ ಏನಾದರೂ ಆಯಿತೆಂದರೆ ಏನು ಮಾಡುವುದು ಎಂದಳು. ಇಂಗ್ಲೆಂಡಿನಲ್ಲಿ ಹೀಗಾಗುತ್ತಿರಲಿಲ್ಲ ಅಲ್ಲವೇ ಎಂದಳು.

“ಅಲ್ಲೂ ಕಾಯಬೇಕ್ರಿ,” ಎಂದಳು ಹರ್ಷದಾ. “ಮೊಣಕಾಲಿಗೆ ಎಂಟೆಂಟು ತಿಂಗಳ ಕಾಯ್ತಿದ್ರು. ಒಬ್ಬ ಮುದುಕ ದಿನಾಪೂರ್ತಿ ಗಾಲಿ ಮಂಚದ ಮ್ಯಾಲ ಕಾರಿಡಾರಿನಾಗ ಬಿದ್ದಿದ್ದ, ನನ್ನ ಕೈ ಹಿಡಕೊಂಡು ಬೈದ. ಖರೇ ಹೇಳ್ತೀನಿ, ಅದೇನು ಸ್ವರ್ಗ ಅಲ್ಲ. ಆದ್ರ ಯಾವಾಗಿಂದ ನೋವು ಅಂತ ನಾವು ಕೇಳ್ತಿದ್ದದ್ದು ರೋಗ ತಿಳಕೊಳ್ಳಾಕ. ಉತ್ತರಾ ಹೇಳಾಕ ಯಾರೂ ಹೆದರ್ತಿರಲಿಲ್ಲ.”

ನಿರ್ಧಾರ ಮಾಡಿದವಳು ಅವ್ವ. ಹೋಗೋಣ ಎಂದಳು. ಅಷ್ಟು ಬಿಟ್ಟರೆ ದಾರಿಯುದ್ದಕ್ಕೂ ಅವಳು ಬೇರೆ ಮಾತಾಡಲಿಲ್ಲ.

ಆಂಬ್ಯುಲೆನ್ಸ್ ಸ್ವಾರಗೇಟದ ಚೌಕಕ್ಕೆ ಬಂದು ನಿಂತುಬಿಟ್ಟಿತು. ಸಂಜೆ ಐದರ ಹೊತ್ತು. ಮುಂದೆ ಬಸ್ಸು, ಹಿಂದೆ ಬಸ್ಸು, ನಡುವೆ ಸ್ಕೂಟರುಗಳ ಹಿಂಡು. ಸೈರನ್ ಕೂಗುತ್ತಿತ್ತು, ಒಂದು ಗಾಲಿಯೂ ಅಲುಗಲಿಲ್ಲ. ಆಮ್ಲಜನಕದ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ನೀತಾ ಮುಳ್ಳನ್ನು ನೋಡಿದಳು, ಅಪ್ಪನ ತುಟಿಯನ್ನು ನೋಡಿದಳು, ಮತ್ತೆ ಮುಳ್ಳನ್ನು. ತುಟಿ ನೀಲಿಯೋ ಅಥವಾ ಕಿಟಕಿಯ ಗಾಜಿನ ಬಣ್ಣವೋ ತಿಳಿಯಲಿಲ್ಲ. ತಾನು ಉಸಿರಾಡಿದರೆ ಅಪ್ಪನ ಪಾಲಿನದು ಕಡಿಮೆಯಾಗುತ್ತದೆ ಎಂಬಂತೆ ಅವಳು ಉಸಿರು ಬಿಗಿಹಿಡಿದಿದ್ದಳು. ಅಪ್ಪ ಮೂಗಿನ ಮೇಲಿನ ಮಾಸ್ಕನ್ನು ತುಸು ಸರಿಸಿದ.

“ಯಾರ್ಡಿನಾಗ ನಮ್ಮ ಎತ್ತಿನಗಾಡಿ ಇದಕ್ಕಿಂತ ಜೋರು ಹೋಗ್ತಿದ್ವು,” ಎಂದ.

ಅವನ ಕೈ ಹುಡುಕಿ ಹಿಡಿದಾಗ ಅದು ತಣ್ಣಗಿತ್ತು. ಅವನಿಗೂ ಭಯವಾಗಿತ್ತು. ಅದು ಗೊತ್ತಾದ ಮೇಲೆ ನೀತಾಳಿಗೆ ಮುಳ್ಳನ್ನು ನೋಡುವ ಧೈರ್ಯವೂ ಹೋಯಿತು.

ಸರಕಾರಿ ದವಾಖಾನೆಯ ತುರ್ತು ವಿಭಾಗದಲ್ಲಿ ಫಿನೈಲು ಮತ್ತು ಬೆವರಿನ ವಾಸನೆ. ಕಣ್ಣ ಕೆಳಗೆ ಕಪ್ಪು ಕಟ್ಟಿದ ಒಬ್ಬ ಡಾಕ್ಟರಮ್ಮ ಅಪ್ಪನ ನಾಡಿ ಹಿಡಿದೇ, ಕಾಗದ ನೋಡುತ್ತಲೇ, ಯಾವಾಗಿನಿಂದ ಎಂದು ಅವ್ವನನ್ನು ಕೇಳಿದರು. ಅವ್ವ ನೀತಾಳ ಕಡೆ ನೋಡಿದಳು. ಅವರು ಇನ್ನೊಮ್ಮೆ ಕೇಳಿದರು. ಅವ್ವ ಎರಡೂ ತುಟಿ ಒಳಕ್ಕೆಳೆದುಕೊಂಡು, ಹೊಡೆತಕ್ಕೆ ಕಾದವಳಂತೆ ಕುತ್ತಿಗೆ ಕುಗ್ಗಿಸಿ ನಿಂತಳು. ಏನು ಹೇಳಿದರೂ ಗಂಡ ಸಾಯುತ್ತಾನೆ, ಅವಳಿಗೆ ಅಷ್ಟು ತಿಳಿದಿತ್ತು. ಡಾಕ್ಟರಮ್ಮ ಸಿಡುಕಿದರು. ಬೇರೆ ಕಾಯಿಲೆ ಏನು, ಯಾವ ಗುಳಿಗೆ ಆಗುವುದಿಲ್ಲ, ಹಿಂದೆ ಏನಾಗಿತ್ತು, ತಿಳಿಯದೆ ನಾನು ಕಣ್ಣುಮುಚ್ಚಿ ಸೂಜಿ ಚುಚ್ಚಲೇ ಎಂದರು.

ನೀತಾಳಿಗೆ ಅವ್ವನನ್ನು ನೋಡಲಾಗಲಿಲ್ಲ. ಜೀವಮಾನವೆಲ್ಲ ಮಾತು ಹರಿದ ಆ ಬಾಯಿಗೆ ತಾನು ಬೀಗ ಹಾಕಿದ್ದಳು.

“ಹೇಳವ್ವಾ,” ಎಂದಳು. ಅವಳ ಕೈ ಹಿಡಿದಳು. “ಎಷ್ಟು ಬೇಕಾದ್ರೂ ಹೇಳು. ಇಲ್ಲಿ ಏನೂ ಆಗೂದಿಲ್ಲ.”

ಏನೂ ಆಗುವುದಿಲ್ಲ ಎಂದು ಅವಳಿಗೇ ನಂಬಿಕೆಯಿರಲಿಲ್ಲ. ಆದರೂ ಹೇಳಿದಳು. ಅವ್ವ ಬಹಳ ಹೊತ್ತಿನ ಮೇಲೆ, ಒಂದೊಂದೇ ಮಾತು ತಡವಿ ತಡವಿ ಹೊರಗೆ ತಂದಳು. ಡಾಕ್ಟರಮ್ಮ ಪೂರ್ತಿ ಕೇಳಲಿಲ್ಲ. ನಡುನಡುವೆ ತಡೆದು ತಮಗೆ ಬೇಕಾದ್ದನ್ನು ಕೆದಕಿದರು. ಹೊಟ್ಟೆಯಲ್ಲಿ ಹುಣ್ಣು ಆಗಿತ್ತೇ, ಮಲ ಕರ್ರಗೆ ಆಗಿತ್ತೇ, ಕಾಲು ಬಾಯುತ್ತಿತ್ತೇ. ಒಂದು ಗುಳಿಗೆಯ ಹೆಸರು ಹೊಡೆದುಹಾಕಿ ಇನ್ನೊಂದು ಬರೆದರು. ಮುಂಗಡದ ಮಾತೇ ಬರಲಿಲ್ಲ. ಆಮೇಲೆ ಹೃದಯದ ವಾರ್ಡಿಗೆ ಕಳಿಸಿದರು. ಅಲ್ಲಿ ಮಂಚ ಖಾಲಿ ಇರಲಿಲ್ಲ. ಎರಡು ಮಂಚಗಳ ನಡುವೆ ನೆಲದ ಮೇಲೆ ಗಾದಿ ಹಾಸಿದರು.

ವಾರ್ಡಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿರುತ್ತಿದ್ದರು, ಆಪರೇಷನ್ನಿಗೆ ಕಾದವರ ಹೆಸರು. ವಾರಕ್ಕೆ ಮೂರು ದಿನ ಮಾತ್ರ ಹೃದಯದ ಆಪರೇಷನ್. ಅಂಬಾರಾಯನದು ಒಂಬತ್ತನೆಯ ಹೆಸರು. ನಿಮ್ಮದು ತುರ್ತಿನದು, ಮೇಲಕ್ಕೆ ಸರಿಸುತ್ತಾರೆ, ಆದರೆ ಮೇಲಿನವರದೂ ತುರ್ತಿನದೇ ಎಂದು ಅಲ್ಲಿಯ ಸಿಸ್ಟರ್ ಹೇಳಿದರು. ನೀತಾ ದಿನಾ ಬೆಳಿಗ್ಗೆ ಎದ್ದವಳೇ ಪಟ್ಟಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂಬತ್ತು ಎಂಟಾಯಿತು. ಎರಡು ದಿನ ಎಂಟೇ ಇತ್ತು. ನಾಲ್ಕನೆಯ ಬೆಳಿಗ್ಗೆ ನೋಡಿದರೆ ಐದು. ಹಿಂದಿನ ದಿನ ಭಾನುವಾರ, ಆಪರೇಷನ್ ಇರಲಿಲ್ಲ. ಮೂರು ಹೆಸರು ಎಲ್ಲಿ ಹೋದವು? ಅವಳು ವಾರ್ಡಿನ ಉದ್ದಕ್ಕೂ ಕಣ್ಣಾಡಿಸಿದಳು. ಕಿಟಕಿಯ ಪಕ್ಕದ ಮಂಚದಲ್ಲಿದ್ದ ಇಂದಾಪುರದ ಕಡೆಯ ರೈತ ಇರಲಿಲ್ಲ, ಅವನ ಮಂಚಕ್ಕೆ ಒಗೆದ ಚಾದರ ಬಂದಿತ್ತು. ಯಾರನ್ನೂ ಅವಳು ಕೇಳಲಿಲ್ಲ. ಅಪ್ಪ ಮೇಲಕ್ಕೆ ಬಂದನೆಂದು ಮನಸ್ಸಿನ ಒಂದು ಮೂಲೆ ಹಿಗ್ಗಿತು, ಆ ಹಿಗ್ಗಿಗೆ ಅವಳು ಅಂಜಿದಳು.

ಅವ್ವ ಮಾತ್ರ ಸ್ವಲ್ಪ ಸ್ವಲ್ಪವಾಗಿ ಮಾತಿಗೆ ಮರಳುತ್ತಿದ್ದಳು. ಪಕ್ಕದ ಮಂಚದ ಮುದುಕನ ಹೆಂಡತಿ ಕೃಷ್ಣಾಬಾಯಿಗೆ ಮಧ್ಯಾಹ್ನ ಏನೋ ಕಥೆ ಹೇಳುತ್ತಿದ್ದಳು, ಡಾಕ್ಟರ ಬಿಳಿ ಅಂಗಿ ಕಂಡೊಡನೆ ನಿಲ್ಲಿಸುತ್ತಿದ್ದಳು. ಆಫೀಸಿನಿಂದ ರಜೆ ಮುಗಿಯಿತೆಂದು ಫೋನು ಬಂದಿತ್ತು. ನೀತಾ ಎತ್ತಲಿಲ್ಲ.

ಏಳನೆಯ ದಿನ ಅಪ್ಪನ ಹೆಸರು ಎರಡನೆಯದಾಗಿತ್ತು. ನಾಳೆ ಅಥವಾ ನಾಡಿದ್ದು ಎಂದರು. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಅವ್ವನಿಗೆ ರೊಟ್ಟಿ ಕಟ್ಟಿಕೊಂಡು ಬರುತ್ತೇನೆಂದು ನೀತಾ ಬೆಳಿಗ್ಗೆಯೇ ಬಿಬವೇವಾಡಿಯ ಮನೆಗೆ ಹೋದಳು. ಹನ್ನೊಂದಕ್ಕೆ ತಿರುಗಿ ಬಂದವಳು ರೂಢಿಯಂತೆ ಪಟ್ಟಿಯ ಮುಂದೆ ನಿಂತಳು. ಹೊಸ ಪಟ್ಟಿ. ಮೊದಲನೆಯ ಹೆಸರು ಯಾರದೋ. ಎರಡನೆಯದು ಯಾರದೋ. ಕೊನೆಯವರೆಗೂ ಓದಿದಳು, ಕೆಳಗಿನಿಂದ ಮೇಲಕ್ಕೂ ಓದಿದಳು. ಅಂಬಾರಾಯ ಎಂಬ ಹೆಸರು ಇರಲಿಲ್ಲ.

ಗಾದಿಯೂ ಇರಲಿಲ್ಲ. ಎರಡು ಮಂಚಗಳ ನಡುವೆ ಒದ್ದೆ ನೆಲ ಹೊಳೆಯುತ್ತಿತ್ತು, ಆಗಷ್ಟೇ ಒರೆಸಿದ್ದರು. ಕೃಷ್ಣಾಬಾಯಿ ಕೂಡ ಅಲ್ಲಿರಲಿಲ್ಲ, ಮುದುಕ ನಿದ್ದೆಹೋಗಿದ್ದ. ನೀತಾ ರೊಟ್ಟಿಯ ಡಬ್ಬಿಯನ್ನು ನೆಲಕ್ಕಿಟ್ಟಳು. ನೆಲ ಒರೆಸುತ್ತಿದ್ದ ಮಾವಶಿಯ ಮುಂದೆ ಹೋಗಿ ನಿಂತಳು. ಆಕೆ ತಾನಾಗಿಯೇ ಕಸಬರಿಗೆಯಿಂದ ಮೇಲಿನ ಮಜಲನ್ನು ತೋರಿಸಿದಳು. ಮೇಲೆ ಎಂದರೆ ಏನು? ಮೇಲೆ ಏನೇನಿದೆ? ನೀತಾ ಮೆಟ್ಟಿಲು ಹತ್ತಿದಳೋ ಯಾರೋ ಅವಳನ್ನು ಎಳೆದುಕೊಂಡು ಹೋದರೋ ತಿಳಿಯಲಿಲ್ಲ.

ಆಪರೇಷನ್ ಕೋಣೆಯ ಹೊರಗಿನ ಕೊನೆಯ ಮೆಟ್ಟಿಲ ಮೇಲೆ ಅವ್ವ ಕೂತಿದ್ದಳು, ಅಪ್ಪನ ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು. ಮೊದಲನೆಯ ಹೆಸರಿನವನಿಗೆ ಜ್ವರ ಬಂತು, ಎರಡನೆಯವರು ಬರಲಿ ಎಂದರು. ನಿನಗೆ ಹೇಳಿಕಳಿಸಲು ಹೊತ್ತಿರಲಿಲ್ಲ. ಕಾಗದಕ್ಕೆ ನಾನೇ ಸಹಿ ಮಾಡಿದೆ. ಇಷ್ಟನ್ನು ಅವ್ವ ಮೂರೇ ಮಾತಿನಲ್ಲಿ ಮುಗಿಸಿದಳು. ಎಂಟೂವರೆಗೆ ಒಳಗೆ ಒಯ್ದಿದ್ದರಂತೆ.

ನೀತಾ ಪಕ್ಕದಲ್ಲಿ ಕೂತಳು. ಹನ್ನೆರಡಾಯಿತು. ಒಂದಾಯಿತು. ಬಾಗಿಲ ಮೇಲಿನ ಕೆಂಪು ದೀಪ ಮಿಟುಕುತ್ತಲೂ ಇರಲಿಲ್ಲ, ಆರುತ್ತಲೂ ಇರಲಿಲ್ಲ. ಒಳಗಿನಿಂದ ಒಬ್ಬ ರಕ್ತದ ಚೀಲ ತರಲು ಓಡಿದ. ಅದು ಯಾರಿಗೆ ಎಂದು ಕೇಳಲು ಎದ್ದವಳು ಕೇಳದೆ ಕೂತಳು. ಗುರಣ್ಣ ಬಂದ, ಕೆಳಗೆ ಹೋದ, ಮತ್ತೆ ಬಂದ. ಅವ್ವನ ಬಾಯಲ್ಲಿ ಈಗ ಪದ್ಯವಿತ್ತು, ತನ್ನ ತಂದೆಯ ರಾಗದಲ್ಲಿ, ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ.

ಎರಡೂಕಾಲಿಗೆ ಬಾಗಿಲು ಅರ್ಧ ತೆರೆಯಿತು. ಹಸಿರು ಟೋಪಿಯವರೊಬ್ಬರು ಮುಖವಸ್ತ್ರ ಕೆಳಗಿಳಿಸಿ, ಅಂಬಾರಾಯನ ಕಡೆಯವರು ಯಾರು ಎಂದು ಕೂಗಿದರು. ಅವ್ವ ಎದ್ದಳು. ಗುರಣ್ಣ ಎದ್ದ. ನೀತಾ ಏಳಲಿಲ್ಲ. ಕೂತಲ್ಲಿಂದಲೇ ಕೇಳಿಸಿಕೊಂಡಳು: ಹೃದಯ ಮತ್ತೆ ತಾನಾಗಿಯೇ ಬಡಿಯಲು ಹಿಡಿದಿದೆ, ಎರಡು ದಿನ ಕಣ್ಣಿಟ್ಟು ನೋಡಬೇಕು, ಆಮೇಲೆ ಹೇಳುತ್ತೇವೆ.

ಎರಡು ದಿನ. ಅವಳು ಗೋಡೆಗೆ ತಲೆಯಾನಿಸಿದಳು. ಅವ್ವ ಬಗ್ಗಿ ಅವಳ ಎರಡೂ ಭುಜದ ಕೆಳಗೆ ಕೈ ಹಾಕಿ, ಎಳೆಯ ಮಗುವನ್ನು ನಿಲ್ಲಿಸುವ ಹಾಗೆ, ಎತ್ತಿ ನಿಲ್ಲಿಸಿದಳು.